ಎಡಗಿವಿ ಸುಮ್ಮನಿತ್ತು

ಹೋದ ತಿಂಗಳು ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಕಿವಿಯ ಸಮತೋಲದ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರು ಬರೆದುಕೊಟ್ಟರು. ಅವಳ ತಾಯಿ ನನ್ನ ಹತ್ತಿರ ಓಡಿ ಬಂದಳು. ಕಿವಿಯೊಳಗೆ ನೀರು ಬಿಡುತ್ತಾರಂತೆ, ಕುರ್ಚಿಯಲ್ಲಿ ಕೂಡಿಸಿ ಗರಗರ ತಿರುಗಿಸುತ್ತಾರಂತೆ, ಕೂಸಿನ ತಲೆ ಕೆಟ್ಟರೆ ಏನು ಗತಿ ಎಂದು ಅವಳಿಗೆ ಗಾಬರಿ. ನಾನು ನಕ್ಕೆ. ಆ ನೀರನ್ನು ನನ್ನ ಕಿವಿಗೂ ಬಿಟ್ಟಿದ್ದರು. ಆಗ ನನಗೆ ಹತ್ತು ವರ್ಷ, ಏಕೀಕರಣವಾಗಿ ಇನ್ನೂ ಬಹಳ ದಿನ ಕಳೆದಿರಲಿಲ್ಲ. ನನ್ನ ತಲೆ ಕೆಟ್ಟಿಲ್ಲ. ಕೆಟ್ಟಿದೆ ಎನ್ನುವವರು ನಮ್ಮ ಮನೆಯಲ್ಲಿ ಇದ್ದಾರೆ, ಆದರೆ ಅದಕ್ಕೆ ಕಾರಣ ಬೇರೆ. ಅವಳಿಗೆ ಚಹಾ ಮಾಡಿಕೊಟ್ಟು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಚೀಟಿ ಕೈಯಲ್ಲಿ ಹಿಡಿದು ಕೂತ ಬೇರೆ ತಾಯಂದಿರೂ ಇರಬಹುದು.

ನಮ್ಮ ಮನೆ ಬಸವನ ಬಾಗೇವಾಡಿಯಲ್ಲಿ. ಅಪ್ಪನದು ಬಟ್ಟೆ ವ್ಯಾಪಾರ. ಅಂಗಡಿ ಇರಲಿಲ್ಲ, ಗಂಟು ಇತ್ತು. ಖಣ, ಧೋತರ, ಇಳಕಲ್ ಸೀರೆ ಎಲ್ಲ ಗಂಟು ಕಟ್ಟಿ ಬಸ್ಸಿನ ಮೇಲೆ ಹಾಕಿಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಅವನು ಯಾವತ್ತು ಎಲ್ಲಿರುತ್ತಾನೆ ಎಂಬುದು ನನಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಮನೆಯಲ್ಲಿ ಅವ್ವ ಇದ್ದಳು, ಅಪ್ಪನ ತಾಯಿ ಆಯಿ ಇದ್ದಳು. ಆಯಿಯದೇ ರಾಜ್ಯ.

ಆ ವರ್ಷ ಸುಗ್ಗಿಯ ಹೊತ್ತಿಗೆ ನನಗೆ ನೆಗಡಿ, ಜ್ವರ ಬಂದು ಹೋದವು. ಎಲ್ಲರಿಗೂ ಬರುವಂಥದ್ದೇ, ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದೆ, ನನ್ನ ಜೊತೆಗೆ ಮನೆಯೂ ಎದ್ದಿತು. ತೊಲೆ, ಗೋಡೆಯ ಗೂಟ, ಗೂಟಕ್ಕೆ ಹಾಕಿದ್ದ ಅಪ್ಪನ ರುಮಾಲು ಎಲ್ಲವೂ ಒಂದೇ ದಿಕ್ಕಿಗೆ ಓಡುತ್ತಿದ್ದವು. ಓಡಿದ್ದು ಎಲ್ಲಿಗೂ ಮುಟ್ಟುತ್ತಿರಲಿಲ್ಲ, ಮತ್ತೆ ಮೊದಲಿನಿಂದ ಓಡುತ್ತಿತ್ತು. ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಸಿಟ್ಟು. ಯಾರೋ ನನ್ನನ್ನು ಕೇಳದೆ ನನ್ನ ಮನೆಯನ್ನು ತಿರುಗಿಸುತ್ತಿದ್ದಾರೆ ಎನ್ನಿಸಿತು.

ನಿಲ್ಲಲು ಹೋದವಳು ಜೋಲಿ ತಪ್ಪಿ ಬಿದ್ದೆ. ಅವ್ವ ಕೂಗಿಕೊಂಡಳು, ಓಣಿ ನೆರೆಯಿತು. ಬಿದ್ದವರಿಗೆ ಏನು ಮಾಡಬೇಕು ಎಂಬುದು ನಮ್ಮ ಓಣಿಗೆ ಕರಗತ. ಒಬ್ಬರು ನನ್ನ ಕೈಯಲ್ಲಿ ಕೀಲಿಕೈಯ ಗೊಂಚಲು ತುರುಕಿದರು. ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಇನ್ನೊಬ್ಬರು ಮೂಸಿಸಲು ಚಪ್ಪಲಿ ಹುಡುಕಲು ಹೋದರು. ನನಗೆ ಪೂರಾ ಎಚ್ಚರವಿತ್ತು. ಎಚ್ಚರ ಅದೀನಿ, ಉಳ್ಳಾಗಡ್ಡಿ ತಗೀರಿ ಎಂದು ಹೇಳುತ್ತಲೇ ಇದ್ದೆ. ಎಚ್ಚರವಿಲ್ಲದವರು ಹೀಗೇ ಬಡಬಡಿಸುತ್ತಾರೆ ಎಂದು ನೆರೆದವರು ತೀರ್ಮಾನ ಮಾಡಿದರು. ಚಪ್ಪಲಿ ಬರುವುದರೊಳಗೆ ನಾನು ವಾಂತಿ ಮಾಡಿದ್ದರಿಂದ ಅದೊಂದು ತಪ್ಪಿತು.

ಮೊದಲ ಕೆಲವು ದಿನ ಕಣ್ಣು ತೆರೆದರೆ ಸಾಕು, ತಿರುಗುತ್ತಿತ್ತು. ಆಮೇಲೆ ಮಲಗಿದಾಗ ನಿಂತಿತು, ಆದರೆ ಎದ್ದು ನಡೆದರೆ ಎಡಕ್ಕೆ ಎಳೆದಂತಾಗುತ್ತಿತ್ತು. ಯಾರಾದರೂ ಕರೆದರೆಂದು ತಟ್ಟನೆ ತಿರುಗಿ ನೋಡಿದರೆ ಕಾಲ ಕೆಳಗಿನ ನೆಲ ಜಾರುತ್ತಿತ್ತು. ಅದಕ್ಕೆ ನನ್ನನ್ನು ಏಳಲು ಬಿಡಲಿಲ್ಲ. ಅವ್ವ ತಂಬಿಗೆಯಿಂದ ನೀರು ಕುಡಿಸುತ್ತಿದ್ದಳು, ತುತ್ತು ಮಾಡಿ ಬಾಯಿಗಿಡುತ್ತಿದ್ದಳು, ಬಚ್ಚಲಿಗೆ ಹೋಗುವಾಗ ರಟ್ಟೆ ಹಿಡಿದು ನಡೆಸುತ್ತಿದ್ದಳು. ಆಯಿ ದೃಷ್ಟಿ ತಾಕಿದೆಯೆಂದು ನೆದರು ತೆಗೆದಳು, ಹಣೆಗೆ ಈಬತ್ತಿ ಹಚ್ಚಿದಳು, ದರ್ಗಾದಿಂದ ತಾಯತ ತರಿಸಿ ಕಟ್ಟಿದಳು. ಹೀಗೆ ಮಲಗಿ ಮಲಗಿ ಬೇಸಿಗೆ ಬಂತು. ವರ್ಷದ ಪರೀಕ್ಷೆ ನನ್ನನ್ನು ಬಿಟ್ಟು ನಡೆದುಹೋಯಿತು.

ಬೇಸಿಗೆಯ ಕೊನೆಗೆ ಅಪ್ಪ ನನ್ನನ್ನು ಕರೆದುಕೊಂಡು ಹೆಡ್ಮಾಸ್ತರರ ಹತ್ತಿರ ಹೋದ. ಅವರು ಒಳ್ಳೆಯವರೇ. ಆದರೆ ನಾನು ಹೊಸಲು ದಾಟುವಾಗ ತೂಗಿ ಚೌಕಟ್ಟು ಹಿಡಿದುಕೊಂಡದ್ದನ್ನು ನೋಡಿದರು. ಮೂರ್ಛೆಯ ಕೂಸನ್ನು ಇಷ್ಟು ಮಕ್ಕಳ ನಡುವೆ ಕೂಡಿಸಿಕೊಂಡರೆ, ಏನಾದರೂ ಆದರೆ, ನಾಳೆ ನಾನು ಯಾರಿಗೆ ಉತ್ತರ ಕೊಡಲಿ ಎಂದರು. ಮೂರ್ಛೆಯಲ್ಲ ಎಂದು ಡಾಕ್ಟರರಿಂದ ಹೇಳಿಸಿಕೊಂಡು ಬನ್ನಿ, ಪರೀಕ್ಷೆ ತಪ್ಪಿದ್ದರೂ ಶಾಲೆ ತೆರೆದ ದಿನವೇ ಐದನೇ ಇಯತ್ತೆಯಲ್ಲಿ ಕೂಡಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಮನೆಯಲ್ಲೇ ಇರಲಿ ಎಂದು ಕಡ್ಡಿ ಮುರಿದಂತೆ ಹೇಳಿದರು.

ಆಯಿಗೆ ಶಾಲೆಯ ಚಿಂತೆ ಇರಲಿಲ್ಲ. ಅವಳ ಚಿಂತೆ ಆ ಪದದ್ದು.

"ಮೂರ್ಛಿ ಬ್ಯಾನಿ ಅಂತ ಒಮ್ಮೆ ಹೆಸರ ಬಿದ್ರ ಮುಗೀತು," ಎಂದಳು ಅಪ್ಪನಿಗೆ. "ಬ್ಯಾನಿ ಹೋದ್ರೂ ಹೆಸರ ಹೋಗೂದಿಲ್ಲ."

ಮೂರ್ಛೆರೋಗವೂ ಮುಚ್ಚಿಡುವಂಥದ್ದಲ್ಲ, ಅದಕ್ಕೂ ಔಷಧ ಇದೆ ಎಂದು ಈಗ ನನಗೆ ಗೊತ್ತು. ಆಗ ಗೊತ್ತಿದ್ದದ್ದು ಒಂದೇ. ಡಾಕ್ಟರು ಹೌದು ಎಂದರೆ ನಾನು ಮನೆಯಲ್ಲಿ, ಅಲ್ಲ ಎಂದರೆ ಶಾಲೆಯಲ್ಲಿ. ನಮ್ಮ ಊರ ಡಾಕ್ಟರು ಮೂರ್ಛೆಯ ಗುಳಿಗೆ ಬರೆಯಲು ಕೈ ಎತ್ತಿದವರು ಯಾಕೋ ತಡೆದರು. ಬಿಜಾಪುರಕ್ಕೆ ಮೈಸೂರು ಕಡೆಯಿಂದ ಒಬ್ಬ ಕಿವಿ ಡಾಕ್ಟರು ಬಂದಿದ್ದಾರೆ, ಒಮ್ಮೆ ತೋರಿಸಿಕೊಂಡು ಬನ್ನಿ ಎಂದರು. ತಿರುಗುವುದು ತಲೆ, ತೋರಿಸುವುದು ಕಿವಿಯೇ ಎಂದು ಆಯಿ ಬಸ್ಸು ಹತ್ತುವವರೆಗೂ ಗೊಣಗಿದಳು. ಗೊಣಗುತ್ತಲೇ ಬುತ್ತಿ ಕಟ್ಟಿದಳು, ಗೊಣಗುತ್ತಲೇ ತಾನೂ ಬಸ್ಸು ಹತ್ತಿದಳು.

ಆಸ್ಪತ್ರೆಯ ಪಡಸಾಲೆಯಲ್ಲಿ ಕೂಡುವ ಬಾಕುಗಳೆಲ್ಲ ತುಂಬಿದ್ದವು. ಎಲ್ಲರೂ ಒಂದು ಕಿವಿಯ ಮೇಲೆ ಕೈ ಇಟ್ಟುಕೊಂಡು, ಕೇಳದವರು ಕೇಳದವರ ಜೊತೆ ಜೋರಾಗಿ ಮಾತಾಡುತ್ತಿದ್ದರು. ನನ್ನ ಪಕ್ಕಕ್ಕೆ ಯಂಕಂಚಿಯ ರೈತರೊಬ್ಬರು ಕೂತಿದ್ದರು. ಹೊಲದಲ್ಲಿ ಮಲಗಿದಾಗ ಅವರ ಕಿವಿಯೊಳಗೆ ಹುಳ ಹೊಕ್ಕಿತ್ತು. ಅದು ಮಿಸುಕಿದಾಗಲೆಲ್ಲ ಮುಖ ಕಿವಿಚುತ್ತಿದ್ದರು, ಮಿಸುಕದಾಗ ಎಲ್ಲರ ಕ್ಷೇಮ ವಿಚಾರಿಸುತ್ತಿದ್ದರು. ನಿನ್ನ ಕಿವಿಯಲ್ಲಿ ಏನು ಹೋಗಿದೆ ಎಂದು ನನ್ನನ್ನೂ ಕೇಳಿದರು. ಏನೂ ಹೋಗಿಲ್ಲ, ಭೂಮಿ ತಿರುಗುತ್ತದೆ ಎಂದೆ. ಅವರು ಬಹಳ ಹೊತ್ತು ಯೋಚಿಸಿದರು.

"ನನ್ನ ಕಿವ್ಯಾಗ ಹುಳ ತಿರಗತೈತಿ, ನಿನ್ನ ಕಿವ್ಯಾಗ ಭೂಮಿ ತಿರಗತೈತಿ," ಎಂದರು. "ನಿಂದ ದೊಡ್ಡದೈತಿ ತಂಗಿ. ನೀನ ಮೊದಲ ಹೋಗು."

ಹಾಗೆ ಅವರು ತಮ್ಮ ಪಾಳಿಯನ್ನು ನನಗೆ ಬಿಟ್ಟುಕೊಟ್ಟರು. ಹುಳ ಒಳಗೆ ಓಡಾಡುತ್ತಿದ್ದ ಮನುಷ್ಯ ಹಾಗೆ ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಅವರ ಕಾಲು ಮುಟ್ಟಬೇಕೆನ್ನಿಸುತ್ತದೆ.

ಡಾಕ್ಟರು ಹರೆಯದವರು, ತೆಳ್ಳಗೆ, ಬೆಳ್ಳಗಿನ ಕೋಟು. ನಮ್ಮ ಕಡೆ ಬಿಸಿಲಿಗೆ ಮೂಗು ಸುಲಿದಿತ್ತು. ನನ್ನನ್ನು ಎದುರಿಗೆ ಕೂಡಿಸಿಕೊಂಡು ಬಿದ್ದ ದಿನದ ಕಥೆ ಕೇಳಿದರು. ಅವ್ವ, ಆಯಿ, ಅಪ್ಪ ಮೂವರೂ ಒಟ್ಟಿಗೆ ಶುರುಮಾಡಿದರು. ಡಾಕ್ಟರು ಕೈ ಎತ್ತಿ ಮೂವರನ್ನೂ ನಿಲ್ಲಿಸಿ ನನ್ನ ಕಡೆ ತಿರುಗಿದರು. ಅಷ್ಟು ದಿನದಲ್ಲಿ ನನ್ನ ಕಾಯಿಲೆಯನ್ನು ನನ್ನನ್ನೇ ಕೇಳಿದ ಮೊದಲ ಮನುಷ್ಯ ಅವರು. ನಾನು ಎಲ್ಲ ಹೇಳಿದೆ. ಉಳ್ಳಾಗಡ್ಡಿಯ ತನಕ ಬಂದಾಗ ಅವರು, ಅದರ ವಾಸನೆ ಗೊತ್ತಾಯಿತಾ ಎಂದು ಕೇಳಿದರು.

"ಗೊತ್ತಾತ್ರಿ," ಎಂದೆ. "ಕೊಳತ ಉಳ್ಳಾಗಡ್ಡಿ ಇತ್ರಿ. ಚಲೋದನ್ನ ತಗದಿಟ್ಟು ಕೊಳತದ್ದ ಜಜ್ಜಿದ್ರು."

ಡಾಕ್ಟರು ನಕ್ಕರು. ಆಯಿಯ ಮುಖ ಕೆಂಪಾಯಿತು, ಏಕೆಂದರೆ ಉಳ್ಳಾಗಡ್ಡಿ ಆರಿಸಿಕೊಟ್ಟವಳು ಅವಳೇ. ವಾಸನೆ ಹಿಡಿದು ಉಳ್ಳಾಗಡ್ಡಿಯ ಗುಣ ಹೇಳುವ ಹುಡುಗಿಗೆ ಎಚ್ಚರ ತಪ್ಪಿರಲಾರದು, ಇದು ಮೂರ್ಛೆಯಲ್ಲ ಎಂದು ತಮಗೆ ಅನ್ನಿಸುತ್ತದೆ ಎಂದರು ಡಾಕ್ಟರು. ಆದರೆ ಅನ್ನಿಸಿದ್ದನ್ನು ಹೆಡ್ಮಾಸ್ತರರಿಗೆ ಹೇಳುವಂತಿಲ್ಲ, ಪರೀಕ್ಷೆ ಮಾಡಿ ನೋಡಬೇಕು ಎಂದರು. ಕಿವಿಯ ಒಳಮನೆಯಲ್ಲಿ ನಮ್ಮನ್ನು ನೆಟ್ಟಗೆ ನಿಲ್ಲಿಸುವ ಒಂದು ಅಂಗ ಇದೆಯಂತೆ, ಎರಡು ಕಿವಿಗೆ ಎರಡು. ಕಿವಿಗೆ ಬೆಚ್ಚಗಿನ ನೀರು, ತಣ್ಣನೆಯ ನೀರು ಬಿಟ್ಟರೆ ಅದು ಎಚ್ಚೆತ್ತು ಕಣ್ಣನ್ನು ಕುಣಿಸುತ್ತದೆಯಂತೆ. ಆ ಕುಣಿತವನ್ನು ನೋಡಿದರೆ ಯಾವ ಕಿವಿ ಹೇಗಿದೆ ಎಂದು ತಿಳಿಯುತ್ತದೆಯಂತೆ. ಕಿವಿ ಡಾಕ್ಟರು ಕಣ್ಣು ನೋಡುತ್ತಾರಂತೆ ಎಂದು ಆಯಿ ಅವ್ವನ ಕಿವಿಯಲ್ಲಿ ಉಸುರಿದಳು.

ಮರುದಿನ ಬೆಳಿಗ್ಗೆ ಬರಲು ಹೇಳಿ, ನಾವು ಬಾಗಿಲು ದಾಟುವಾಗ ಅವರು ಹಿಂದಿನಿಂದ ಒಂದು ಮಾತು ಕೂಗಿ ಹೇಳಿದರು.

"ನೋಡೀಮ್ಮ, ಬರೋವಾಗ ಮಗೂಗೆ ತಿಂಡಿ ಆಗಿರಬಾರದು. ತಿಂಡಿ ಆಗಿದ್ರೆ ತುಂಬಾ ತೊಂದರೆ."

ಮೈಸೂರು ಕಡೆಯವರಿಗೆ ತಿಂಡಿ ಎಂದರೆ ಬೆಳಗಿನ ಉಪಾಹಾರ. ನಾವು ಅದಕ್ಕೆ ನಾಷ್ಟಾ ಎನ್ನುತ್ತೇವೆ. ನಮ್ಮ ಕಡೆ ತಿಂಡಿ ಎಂದರೆ ತುರಿಕೆ. ಕೈಗೆ ತಿಂಡಿ, ಕಾಲಿಗೆ ತಿಂಡಿ, ಸುಮ್ಮನೆ ಜಗಳ ತೆಗೆಯುವವನಿಗೆ ಮೈಯೆಲ್ಲ ತಿಂಡಿ. ಇನ್ನು ಕಿವಿಯ ಡಾಕ್ಟರು ಕಿವಿಯ ಪರೀಕ್ಷೆಗೆ ಮೊದಲು ತಿಂಡಿ ಆಗಿರಬಾರದು ಎಂದರೆ ಅದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಇಷ್ಟು ದಿನದಲ್ಲಿ ಒಬ್ಬರಾದರೂ ತಿಳಿಯುವ ಮಾತು ಹೇಳಿದರು ಎಂದು ಆಯಿಗೆ ಸಮಾಧಾನವಾಯಿತು.

ಅಪ್ಪನ ಪರಿಚಯದ ವ್ಯಾಪಾರಿಯ ಮನೆಯಲ್ಲಿ ನಾವು ಉಳಿದುಕೊಂಡಿದ್ದೆವು. ಸಂಜೆ ಆಯಿ ಅವರ ಅಡುಗೆಮನೆ ಹೊಕ್ಕು ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಆರಿಸಿ, ನನ್ನ ಎರಡೂ ಕಿವಿಗೆ ಬಿಟ್ಟು ಅರಳೆ ತುರುಕಿದಳು. ಕೆರೆತ ಇದೆಯಾ, ಕೆರೆತ ಇದೆಯಾ ಎಂದು ಮಲಗುವವರೆಗೆ ಕೇಳಿದಳು. ಬೆಳಿಗ್ಗೆ ಎದ್ದು ಮತ್ತೊಮ್ಮೆ ಕೇಳಿದಳು. ಆಮೇಲೆ, ಇಷ್ಟು ದೊಡ್ಡ ಪರೀಕ್ಷೆಗೆ ಹೋಗುವ ಕೂಸು ಹಸಿದು ಹೋಗಬಾರದೆಂದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ತಿನ್ನಿಸಿದಳು. ಸಾಲದು ಎಂಬಂತೆ ದಾರಿಯಲ್ಲಿ ಕೊಲ್ಹಾರದ ಮೊಸರು ಮಾರುವ ಹೆಣ್ಣುಮಗಳು ಗಡಿಗೆ ಇಳಿಸಿ ಕೂತಿದ್ದಳು. ಕೊಲ್ಹಾರದ ಮೊಸರು ಮುಂದೆ ಇದ್ದಾಗ ಬಿಟ್ಟು ಹೋಗುವವರು ನಮ್ಮ ಜಿಲ್ಲೆಯಲ್ಲಿ ಇಲ್ಲ. ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾದ ಮೊಸರನ್ನು ನಾನು ಎಲೆಯ ಮೇಲೆ ಹಾಕಿಸಿಕೊಂಡು ನೆಕ್ಕಿ ತಿಂದೆ.

ಒಳಗೆ ಹೋದಾಗ ಡಾಕ್ಟರ ಜೊತೆ ಜುಬೇದಾ ಸಿಸ್ಟರು ಇದ್ದರು. ಇಂಡಿಯವರು, ದೊಡ್ಡ ಮೈ, ದೊಡ್ಡ ನಗು. ಡಾಕ್ಟರು ನನ್ನ ಕಿವಿಯೊಳಗೆ ಇಣುಕಿ, ಇದೇನು ಎಣ್ಣೆ ಎಂದು ಬೆರಗಾದರು. ತಿಂಡಿ ಆಗಬಾರದು ಎಂದಿದ್ದಿರಲ್ಲ, ಅದಕ್ಕೇ ಬಿಟ್ಟಿದ್ದೇವೆ ಎಂದಳು ಅವ್ವ. ಎಣ್ಣೆಗೂ ಉಪಾಹಾರಕ್ಕೂ ಇವರ ಊರಲ್ಲಿ ಏನು ಸಂಬಂಧವೋ ಎಂದು ಅವರಿಗೆ ಅನ್ನಿಸಿರಬೇಕು. ಆದರೂ ಮತ್ತೊಮ್ಮೆ ಕೇಳಿದರು.

"ಹಾಗಾದ್ರೆ ತಿಂಡಿ ಏನೂ ಆಗಿಲ್ಲ ತಾನೆ?"

"ಒಂದೀಟೂ ಇಲ್ರಿ ಸಾಹೇಬ್ರ," ಎಂದಳು ಅವ್ವ. "ಮುಂಜಾನೆನೂ ಕೇಳೇವ್ರಿ."

ಅವರು ಅರಳೆಯಿಂದ ಎಣ್ಣೆ ಒರೆಸಿ, ಪರದೆಗೆ ತೂತಿಲ್ಲ ಎಂದು ಎರಡು ಸಲ ನೋಡಿದರು. ತೂತಿದ್ದರೆ ನೀರು ಬಿಡುವ ಹಾಗಿಲ್ಲವಂತೆ. ನನ್ನನ್ನು ಮಂಚದ ಮೇಲೆ ಮಲಗಿಸಿ, ತಲೆಯ ಕೆಳಗೆ ದಿಂಬಿಟ್ಟು, ಬೆಚ್ಚಗಿನ ನೀರನ್ನು ತಮ್ಮ ಮುಂಗೈಗೆ ಬಿಟ್ಟುಕೊಂಡು ನೋಡಿದರು, ಅವ್ವನ ಮುಂಗೈಗೂ ಬಿಟ್ಟು ತೋರಿಸಿದರು. ತಲೆಗೆ ಎರೆಯುವ ನೀರಿಗಿಂತ ಹೆಚ್ಚು ಬಿಸಿ ಇರಲಿಲ್ಲ. ಬಲಗಿವಿಗೆ ಬಿಟ್ಟರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಛಾವಣಿ ಕದಲಿತು. ನಿಧಾನವಾಗಿ ಹೊರಟು ಓಡತೊಡಗಿತು. ನಾನು ಅವ್ವ ಎಂದೆ. ಎಂದ ಬಾಯಿಯಿಂದಲೇ ರೊಟ್ಟಿ, ಎಣ್ಣೆಗಾಯಿ, ಹಿಂಡಿ, ಕೊಲ್ಹಾರದ ಮೊಸರು ಎಲ್ಲವೂ ಬಂದು ಡಾಕ್ಟರ ಬಿಳಿ ಕೋಟಿನ ಮೇಲೆ ಕೂತವು.

ಅವರು ಗಾಬರಿಯಾಗಲಿಲ್ಲ. ತಕ್ಷಣ ನನ್ನನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು ಸವರಿ, ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಹೇಳುತ್ತಿದ್ದರು. ನಿಂತಿತು ಕೂಡ. ಆಮೇಲೆ ಕೋಟಿನ ಮೇಲಿದ್ದದ್ದನ್ನು ನೋಡಿಕೊಂಡು, ತಿಂಡಿ ಆಗಿಲ್ಲ ಅಂದಿರಲ್ಲಮ್ಮ ಎಂದು ಅವ್ವನನ್ನು ಕೇಳಿದರು. ಅವ್ವ ಆಣೆ ಮಾಡಿದಳು. ಬೇಕಾದರೆ ಹುಡುಗಿಯನ್ನೇ ಕೇಳಿ, ಒಂದು ಸಲವೂ ಕೆರೆದುಕೊಂಡಿಲ್ಲ ಎಂದಳು. ಡಾಕ್ಟರು ಅವ್ವನನ್ನು ನೋಡಿದರು, ಅವ್ವ ಡಾಕ್ಟರನ್ನು ನೋಡಿದಳು. ಜುಬೇದಾ ಸಿಸ್ಟರಿಗೆ ಮೊದಲು ತಿಳಿಯಿತು. ಅವರು ಗೋಡೆ ಹಿಡಿದುಕೊಂಡು ನಗುವುದಕ್ಕೆ ಶುರುಮಾಡಿದರು, ಹೇಳಲು ಬಾಯಿ ತೆರೆದರೆ ನಗು ಬರುತ್ತಿತ್ತು.

"ಸಾಹೇಬ್ರ," ಎಂದರು ಕೊನೆಗೆ. "ನಮ್ಮ ಕಡೆ ತಿಂಡಿ ತಿನ್ನೂದಿಲ್ರಿ. ಕೆರಕೋತಾರ್ರಿ."

ಡಾಕ್ಟರಿಗೆ ಬಿಡಿಸಿ ಹೇಳಿದ ಮೇಲೆ ಅವರೂ ನಕ್ಕರು, ಅಪ್ಪನೂ ನಕ್ಕ. ನಗದವರು ಇಬ್ಬರೇ. ಹಸಿದ ಕೂಸಿನ ಕಿವಿಗೆ ನೀರು ಬಿಡುವುದು ಯಾವ ಸೀಮೆಯ ನ್ಯಾಯ ಎಂದು ಆಯಿ. ಇನ್ನು ಸತ್ತರೂ ಆ ಮಂಚದ ಮೇಲೆ ಮಲಗುವುದಿಲ್ಲ ಎಂದು ನಾನು.

ನಾನು ಹಟ ಹಿಡಿದರೆ ಹಿಡಿದೆ. ಮಂಚದ ಕಾಲು ಹಿಡಿದು ನೆಲದಲ್ಲಿ ಕೂತೆ. ಅಪ್ಪ ಗದರಿಸಲು ಬಂದ. ಡಾಕ್ಟರು ಬೇಡವೆಂದರು. ಒತ್ತಾಯ ಮಾಡಿ ಮಗುವಿಗೆ ಈ ಪರೀಕ್ಷೆ ಮಾಡುವುದಿಲ್ಲ, ಅಳುವ ಕಣ್ಣು ಮುಚ್ಚಿಕೊಂಡರೆ ನಾನು ನೋಡುವುದಾದರೂ ಏನನ್ನು ಎಂದರು. ಅಪ್ಪ ಹಿಂದೆ ಸರಿದ. ಪರೀಕ್ಷೆ ಆಗದಿದ್ದರೆ ಬಾಗೇವಾಡಿಗೆ ಹೋಗಿ ಹೆಡ್ಮಾಸ್ತರರಿಗೆ ಏನು ಹೇಳುವುದು ಎಂದು ಅವನು ಯೋಚಿಸುತ್ತಿದ್ದುದು ಅವನ ಮುಖದ ಮೇಲೇ ಇತ್ತು. ನನಗೂ ಅದು ಗೊತ್ತಿತ್ತು. ಗೊತ್ತಿದ್ದರೂ ಮಂಚದ ಕಾಲು ಬಿಡಲಾಗಲಿಲ್ಲ.

ಕೋಣೆಯ ಮೂಲೆಯಲ್ಲಿ ಒಂದು ತಿರುಗುವ ಕುರ್ಚಿ ಇತ್ತು. ಡಾಕ್ಟರು ಅದನ್ನು ನಡುವಿಗೆ ಎಳೆದರು. ನಿಮ್ಮಪ್ಪನ ಕಣ್ಣು ಕುಣಿಯುವುದನ್ನು ನೋಡುತ್ತೀಯಾ ಎಂದು ನನ್ನನ್ನು ಕೇಳಿದರು. ನಾನು ತಲೆ ಎತ್ತಿದೆ. ಅಪ್ಪ ಒಲ್ಲೆ ಎನ್ನುವುದರೊಳಗೆ ಜುಬೇದಾ ಸಿಸ್ಟರು ಅವನನ್ನು ಕೂಡಿಸಿಬಿಟ್ಟರು. ಸಂತೆಯಲ್ಲಿ ಎಂಥ ಗಿರಾಕಿಗೂ ಬಗ್ಗದ ನಮ್ಮಪ್ಪ ರುಮಾಲು ಎರಡೂ ಕೈಯಲ್ಲಿ ಹಿಡಿದುಕೊಂಡು ಗರಗರ ತಿರುಗಿದ. ನಿಲ್ಲಿಸಿದಾಗ ಡಾಕ್ಟರು ಅವನ ಕಣ್ಣಿಗೆ ದಪ್ಪ ಗಾಜಿನ ಒಂದು ಕನ್ನಡಕ ಹಾಕಿದರು, ಒಳಗೆ ಸಣ್ಣ ದೀಪ ಇತ್ತು. ಅಪ್ಪನ ಕಣ್ಣು ಎಮ್ಮೆಯ ಕಣ್ಣಿನಷ್ಟು ದೊಡ್ಡವಾಗಿ ಕಂಡು, ಒಂದೇ ಕಡೆಗೆ ಟಕಟಕ ಜಿಗಿಯುತ್ತಿದ್ದವು. ನಾನು ಮಂಚದ ಕಾಲು ಬಿಟ್ಟು ಹತ್ತಿರ ಹೋದೆ. ನೋಡುತ್ತ ನಿಂತಂತೆ ಜಿಗಿತ ಕಮ್ಮಿಯಾಯಿತು, ನಿಧಾನವಾಯಿತು, ನಿಂತಿತು. ಅಪ್ಪ ಎದ್ದು ನಿಲ್ಲಲು ಹೋಗಿ ಡಾಕ್ಟರ ಹೆಗಲು ಹಿಡಿದ.

"ಹಿಂಗ ಆಗತೈತೇನ ನಿನಗ?" ಎಂದು ನನ್ನನ್ನು ಕೇಳಿದ. ಅವನ ದನಿ ಬದಲಾಗಿತ್ತು.

ನಾನು ಹೌದು ಎಂದೆ. ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟ. ಅಷ್ಟು ತಿಂಗಳಲ್ಲಿ ಅವನಿಗೆ ನನ್ನ ಕಾಯಿಲೆ ಮೈಮೇಲೆ ಬಂದು ತಿಳಿದದ್ದು ಆಗಲೇ. ನನಗೆ ತಿಳಿದದ್ದು ಬೇರೆ. ತಿರುಗುವುದು ತಾನಾಗಿ ನಿಲ್ಲುತ್ತದೆ, ಅಪ್ಪನಂಥ ಅಪ್ಪನಿಗೂ ನಿಂತಿತು, ಅವನು ಸಾಯಲಿಲ್ಲ. ನಾಳೆ ಬರುತ್ತೇನೆ ಎಂದೆ.

ಮರುದಿನ ಡಾಕ್ಟರು ತಿಂಡಿ ಎಂಬ ಪದವನ್ನೇ ಎತ್ತಲಿಲ್ಲ. ಬಾಗಿಲಲ್ಲೇ ನಿಂತು ಐದೂ ಬೆರಳು ಕೂಡಿಸಿ ಬಾಯಿಗೆ ತೋರಿಸಿ, ನಾಷ್ಟಾ ಇಲ್ಲ ತಾನೆ ಎಂದು ಕೇಳಿದರು. ಆಯಿ ಬೇಸರದಿಂದ ಮುಖ ಆ ಕಡೆ ತಿರುಗಿಸಿದಳು. ಆಗಬೇಕಾದದ್ದು ಆಗಲಿ, ಪರೀಕ್ಷೆ ಮುಗಿದ ಮರುಗಳಿಗೆ ತಿನ್ನಿಸಲು ಅವಳ ಸೆರಗಿನಲ್ಲಿ ಶೇಂಗಾದ ಉಂಡೆ ಇತ್ತು.

ಈ ಸಲ ದಿಂಬಿನ ಬದಲು ಅವ್ವನ ತೊಡೆ. ಆ ದಪ್ಪ ಕನ್ನಡಕ ನನಗೆ ಹಾಕಿದರು. ಕಣ್ಣು ಮುಚ್ಚಬಾರದು, ಸುಮ್ಮನೂ ಇರಬಾರದು, ಏನಾದರೂ ಹೇಳುತ್ತಲೇ ಇರಬೇಕು, ಮನಸ್ಸಿಗೆ ಜೋಂಪು ಹತ್ತಿದರೆ ಕಣ್ಣೂ ಕುಣಿಯುವುದಿಲ್ಲ ಎಂದರು. ಅಪ್ಪನ ಸಂತೆಗಳನ್ನು ಹೇಳುತ್ತೇನೆ ಎಂದೆ. ಬಲಗಿವಿಗೆ ನೀರು ಬಿತ್ತು. ಇಂಡಿ, ಸಿಂದಗಿ ಎನ್ನುವುದರೊಳಗೆ ಛಾವಣಿ ಹೊರಟಿತು. ಹೊರಡಲಿ ಎಂದುಕೊಂಡೆ. ಅವ್ವನ ಕೈ ಗಟ್ಟಿಯಾಗಿ ಹಿಡಿದು ಮುದ್ದೇಬಿಹಾಳ ಎಂದೆ. ಡಾಕ್ಟರು ನನ್ನ ಕಣ್ಣಿನಿಂದ ಕಣ್ಣು ತೆಗೆಯದೆ ಕೇಳಿದರು.

"ಮುದ್ದೇಬಿಹಾಳದಲ್ಲಿ ಮುದ್ದೆ ಸಿಗುತ್ತಾ?"

"ಇಲ್ರಿ," ಎಂದೆ. "ಅಲ್ಲೂ ರೊಟ್ಟಿನ ರಿ."

ಅವರು ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು. ಪಾಪ, ಊರು ಬಿಟ್ಟು ಬಂದ ಮೇಲೆ ಅವರಿಗೆ ಮುದ್ದೆ ಕಂಡಿರಲಿಲ್ಲ. ನಾನು ಅವರನ್ನು ಕನಿಕರಿಸುತ್ತಿರುವಾಗಲೇ ಛಾವಣಿ ಮೆಲ್ಲಗೆ ತನ್ನ ಜಾಗಕ್ಕೆ ಬಂದು ನಿಂತಿತು. ವಾಂತಿ ಬರಲಿಲ್ಲ. ಬಹಳ ಚೆನ್ನಾಗಿ ಕುಣಿಯಿತು ಕಣ್ಣು ಎಂದು ಡಾಕ್ಟರು ಬೆನ್ನು ತಟ್ಟಿದರು.

ಸ್ವಲ್ಪ ಹೊತ್ತು ಬಿಟ್ಟು ಎಡಗಿವಿ. ನಾನು ಹಲ್ಲು ಕಚ್ಚಿ ಕಾದೆ. ಇಂಡಿಯಿಂದ ಶುರುಮಾಡಿ ಮುದ್ದೇಬಿಹಾಳ ಮುಗಿಸಿದೆ, ಚಡಚಣಕ್ಕೂ ಹೋಗಿ ಬಂದೆ. ಛಾವಣಿ ಅಲುಗಲಿಲ್ಲ. ಡಾಕ್ಟರು ತಣ್ಣನೆಯ ನೀರು ಬಿಟ್ಟರು. ಆಮೇಲೆ ಇನ್ನೂ ತಣ್ಣನೆಯದು ಬಿಟ್ಟರು.

"ಎಡಗಿವಿ ಏನೂ ಮಾಡೂದಿಲ್ರಿ," ಎಂದೆ ನಾನು ಖುಷಿಯಿಂದ. "ಇದು ಶಾಣ್ಯಾ ಕಿವಿ ರಿ."

ಅವ್ವ ಮೇಲೆ ನೋಡಿ ಕೈ ಮುಗಿದಳು. ಒಂದು ಕಿವಿಯಾದರೂ ಗಟ್ಟಿ ಇದೆಯಲ್ಲ ಎಂದು ಆಯಿ ಉಂಡೆಯನ್ನು ಸೆರಗಿನಿಂದ ಬಿಚ್ಚಿದಳು. ನಾವೆಲ್ಲ ನಗುತ್ತಿದ್ದೆವು. ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ನನ್ನ ಕಣ್ಣೊರೆಸಿ, ಮಂಚದ ಅಂಚಿಗೆ ಕೂತರು.

"ಕುಣಿದದ್ದು ಒಳ್ಳೆ ಕಿವಿ, ಮಗು," ಎಂದರು. "ಈ ಎಡಗಡೇದು ಸುಮ್ಮನಿದೆಯಲ್ಲ, ಅದೇ ಅದರ ಕಾಯಿಲೆ."

ನನಗೆ ಅಳು ಬಂತು. ಕಾಯಿಲೆಯಿದೆ ಎಂದು ಅಲ್ಲ. ನನ್ನನ್ನು ತಿರುಗಿಸಿದ ಕಿವಿಯನ್ನು ಮನಸ್ಸಿನಲ್ಲೇ ಬೈದು, ಸತ್ತ ಕಿವಿಯನ್ನು ಹೊಗಳಿಬಿಟ್ಟೆನಲ್ಲ ಎಂದು. ಡಾಕ್ಟರು ತಿಳಿಸಿ ಹೇಳಿದರು. ಜ್ವರ ಎಡಗಿವಿಯ ಆ ಅಂಗವನ್ನು ಕೆಡಿಸಿ ಹೋಗಿದೆ. ಕೇಳುವುದಕ್ಕೆ ಏನೂ ಆಗಿಲ್ಲ, ನಿಲ್ಲಿಸುವ ಶಕ್ತಿ ಹೋಗಿದೆ, ಅದು ಬಹುಶಃ ಮರಳಿ ಬರುವುದಿಲ್ಲ. ಮೂರ್ಛೆಯಂತೂ ಅಲ್ಲವೇ ಅಲ್ಲ. ಈ ಮಾತಿಗೆ ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಬಲಗಿವಿ ಒಂಟಿಯಾಗಿಯೇ ಎರಡರ ಕೆಲಸ ಕಲಿಯುತ್ತದೆ, ಮಕ್ಕಳಲ್ಲಂತೂ ಬೇಗ ಕಲಿಯುತ್ತದೆ ಎಂದರು. ಆದರೆ ಮಲಗಿಸಿಟ್ಟರೆ ಅದು ಯಾವುದರಿಂದ ಕಲಿಯಬೇಕು? ನಡೆಯಬೇಕು, ಓಡಬೇಕು, ತಿರುಗಿ ತಿರುಗಿ ನೋಡಬೇಕು, ಕುಂಟಾಬಿಲ್ಲೆ ಆಡಬೇಕು. ಬಾವಿಯಲ್ಲಿ ಈಜು ಮಾತ್ರ ಬೇಡ, ಕತ್ತಲಲ್ಲಿ ಮಾಳಿಗೆ ಹತ್ತುವುದು ಬೇಡ. ಉಳಿದದ್ದೆಲ್ಲ ಮಾಡಲಿ, ಔಷಧ ಅದೇ.

ಅವ್ವ ಅಲ್ಲಿಯವರೆಗೆ ನನ್ನ ರಟ್ಟೆ ಹಿಡಿದೇ ಇದ್ದಳು. ಆಗ ಬಿದ್ದುಬಿಡುತ್ತಾಳಲ್ಲ ಎಂದಳು.

"ಬೀಳಲಿ ಬಿಡಿಮ್ಮ," ಎಂದರು ಡಾಕ್ಟರು. "ನೀವು ಹಿಡಿದುಕೊಂಡಿರೋವಷ್ಟು ದಿನ ಆ ಕಿವಿ ನಿಮ್ಮ ಕೈಯನ್ನೇ ನಂಬಿಕೊಂಡಿರುತ್ತೆ."

ಬಸ್ಸಿನಲ್ಲಿ ಆಯಿ ಬಾಯ್ತುಂಬ ಮಾತಾಡಿದಳು. ಮೂರ್ಛೆಯಲ್ಲ ಎಂಬುದನ್ನು ಕಂಡಕ್ಟರನಿಗೂ ಹೇಳಿದಳು, ಅವನು ಕೇಳಿರಲಿಲ್ಲ. ಅವ್ವ ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ನನ್ನನ್ನು ಹಿಡಿದಿದ್ದ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅದಕ್ಕೆ ಇನ್ನು ಏನು ಕೆಲಸ ಕೊಡುವುದೆಂದು ಅವಳಿಗೆ ತಿಳಿದಂತಿರಲಿಲ್ಲ.

ಶಾಲೆ ತೆರೆಯುವ ಮೊದಲಿನ ದಿನಗಳಲ್ಲಿ ನಾನು ಓಣಿಯ ತುಂಬ ಬಿದ್ದೆ. ಕುಂಟಾಬಿಲ್ಲೆಯ ಮನೆಗಳಲ್ಲಿ ಬಿದ್ದೆ, ಕಟ್ಟೆಯ ಕೆಳಗೆ ಬಿದ್ದೆ, ಯಾರೋ ಕರೆದರೆಂದು ತಿರುಗಿ ಅವರ ಮೇಲೇ ಬಿದ್ದೆ. ಗೆಳತಿಯರು ಬೇಕೆಂದೇ ಹಿಂದಿನಿಂದ ಕರೆಯುತ್ತಿದ್ದರು. ಒಂದೊಂದು ಸಲ ಬಿದ್ದಾಗಲೂ ಒಳಗಿನಿಂದ ಆಯಿಯ ಹಾಯ್ ಎಂಬ ಸದ್ದು, ಅವ್ವನ ಬಳೆಯ ಸದ್ದು ಕೇಳುತ್ತಿತ್ತು. ಬಳೆ ಹೊಸಲಿನವರೆಗೆ ಬಂದು ನಿಲ್ಲುತ್ತಿತ್ತು.

ಅಪ್ಪ ಡಾಕ್ಟರ ಮಾತನ್ನು ಹೆಡ್ಮಾಸ್ತರರಿಗೆ ಒಪ್ಪಿಸಲು ಹೋದಾಗ ಅವ್ವನೂ ಬಂದಳು. ಮಾಸ್ತರರ ಮುಂದೆ ಅವಳು ಅದುವರೆಗೆ ತುಟಿ ತೆರೆದವಳಲ್ಲ. ಹೆಡ್ಮಾಸ್ತರರು ಎಲ್ಲ ಕೇಳಿ, ಮೂರ್ಛೆಯಲ್ಲ ಎಂದರೆ ಸಂತೋಷ, ಆದರೂ ಶಾಲೆಯಲ್ಲಿ ಬಿದ್ದರೆ ಹೇಗೆ ಎಂದರು. ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಬೀಳ್ತಾಳ್ರಿ," ಎಂದಳು. "ಏಳ್ತಾಳ್ರಿ."

ನನ್ನ ಹೆಸರು ಐದನೇ ಇಯತ್ತೆಗೆ ಹತ್ತಿತು.

ಶಾಲೆ ಶುರುವಾದ ವಾರದಲ್ಲೇ ಬಿದ್ದೆ. ಪ್ರಾರ್ಥನೆ ಮುಗಿದು ಸಾಲುಗಳು ತರಗತಿಯ ಕಡೆ ತಿರುಗುವಾಗ ಉಳಿದವರಂತೆ ನಾನೂ ತಟ್ಟನೆ ತಿರುಗಿದೆ, ಅಂಗಳದ ನಡುವೆ ಉದ್ದಕ್ಕೆ ಬಿದ್ದೆ. ಎಲ್ಲ ಸಾಲುಗಳೂ ನಿಂತವು. ಹುಡುಗಿಯರು ಹಿಂದೆ ಸರಿದರು. ಯಾರೋ ಉಳ್ಳಾಗಡ್ಡಿ ಎಂದದ್ದು ಕೇಳಿಸಿತು. ಒಬ್ಬ ಮಾಸ್ತರರು ನನ್ನ ಕಡೆ ಓಡಿ ಬರುತ್ತಿದ್ದರು. ಅಷ್ಟರಲ್ಲಿ ಶಾಲೆಯ ಬಾಗಿಲ ಕಡೆಯಿಂದ ಅವ್ವನ ದನಿ ಬಂತು. ನನ್ನನ್ನು ಬಿಟ್ಟು ಮನೆಗೆ ಹೋದವಳು ಎಂದುಕೊಂಡಿದ್ದೆ. ಅವಳು ಹೋಗಿರಲಿಲ್ಲ. ಆ ವಾರ ಒಂದು ದಿನವೂ ಪ್ರಾರ್ಥನೆ ಮುಗಿಯುವವರೆಗೆ ಹೋಗಿರಲಿಲ್ಲ ಎಂದು ಆಮೇಲೆ ತಿಳಿಯಿತು.

"ಮುಟ್ಟಬ್ಯಾಡ್ರಿ," ಎಂದಳು. "ತಾನ ಏಳ್ತಾಳ."

ನೆಲಕ್ಕೆ ಎರಡೂ ಅಂಗೈ ಊರಿದೆ. ಶಾಲೆಯ ಗೋಡೆ ಒಮ್ಮೆ ಎಡಕ್ಕೆ ವಾಲಿತು. ಅದು ನೆಟ್ಟಗಾಗುವವರೆಗೆ ಕಾದು ಎದ್ದು ನಿಂತೆ. ಲಂಗದ ಮಣ್ಣು ಕೊಡವಿಕೊಂಡು ನನ್ನ ಸಾಲಿನಲ್ಲಿ ನನ್ನ ಜಾಗಕ್ಕೆ ಹೋದೆ. ಸಾಲು ನಡೆಯಿತು. ಬಾಗಿಲ ಕಡೆ ತಿರುಗಿ ನೋಡಲು ಧೈರ್ಯವಾಗಲಿಲ್ಲ, ತಿರುಗಿದರೆ ಮತ್ತೆ ಬೀಳುತ್ತಿದ್ದೆ.

ಸಂಜೆ ಮನೆಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮೊಣಕಾಲು ಎರಡೂ ಕಿತ್ತಿದ್ದವು. ಅವಳು ಅದಕ್ಕೆ ಅರಿಷಿಣ ಹಚ್ಚುವಾಗ ಹತ್ತಿರದಿಂದ ಅವಳ ಮುಖ ನೋಡಿದೆ. ಕೆಳತುಟಿ ಬಾತುಕೊಂಡಿತ್ತು, ಅದರ ಮೇಲೆ ಅವಳದೇ ಹಲ್ಲಿನ ಗುರುತು ಆಳವಾಗಿ ಇಳಿದಿತ್ತು. ನಾನು ಅದಕ್ಕೂ ಒಂದು ಚಿಟಿಕೆ ಅರಿಷಿಣ ಹಚ್ಚಿದೆ. ನನ್ನ ಮೊಣಕಾಲು ಬೇಗ ಮಾಯ್ದವು. ಅವ್ವನ ತುಟಿ ಮಾಯಲು ಸ್ವಲ್ಪ ಹೆಚ್ಚು ದಿನ ಹಿಡಿಯಿತು.